ಹಳೆಯ ಜೆಟ್ ದೋಣಿಗೆ ನೀರೇ ಜೀವ

ಮಕ್ಕಳೇ, ಊದಿದ ಬಲೂನಿನ ಬಾಯಿ ಬಿಟ್ಟರೆ ಏನಾಗುತ್ತದೆ? ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬಲೂನು ಮುಂದಕ್ಕೆ ಹಾರುತ್ತದೆ. ಇದು ನ್ಯೂಟನ್ನರ ಚಲನೆಯ ಮೂರನೆಯ ನಿಯಮ. ಜೆಟ್ ದೋಣಿ ಓಡುವುದೂ ಹೀಗೆಯೇ.

ನ್ಯೂಜಿಲೆಂಡಿನ ಅನೇಕ ನದಿಗಳಲ್ಲಿ ನೀರು ಆಳವಿಲ್ಲ. ದೋಣಿಯ ತಳದ ಪ್ರೊಪೆಲ್ಲರ್ ಕಲ್ಲಿಗೆ ಬಡಿಯುತ್ತದೆ. ಇದಕ್ಕಾಗಿ 1954ರಲ್ಲಿ ಅಲ್ಲಿನ ಬಿಲ್ ಹ್ಯಾಮಿಲ್ಟನ್ ಜೆಟ್ ದೋಣಿ ಕಟ್ಟಿದರು. ಇದರಲ್ಲಿ ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ತಳದಿಂದ ನೀರು ಹೀರಿ, ಹಿಂಬದಿಯ ಕಿರಿದಾದ ಮೂತಿಯಿಂದ ರಭಸವಾಗಿ ಚಿಮ್ಮಿಸುತ್ತದೆ.

ಇಂಥ ಹಳೆಯ ದೋಣಿಗಳನ್ನು ಮೂಲ ಎಂಜಿನ್ ಸಮೇತ ಕೊಂಡು ಓಡಿಸುವ ಹವ್ಯಾಸಿಗಳಿದ್ದಾರೆ. ಕೊಳ್ಳುವ ಮುನ್ನ ಪಂಪಿನೊಳಗಿನ ರೆಕ್ಕೆಗಳನ್ನು ಪರೀಕ್ಷಿಸಬೇಕು. ಮರಳು ಉಜ್ಜಿ ಅವು ಸವೆದಿದ್ದರೆ ಅಂಚಿನ ಸಂದಿಯಲ್ಲಿ ನೀರು ಹಿಂದಕ್ಕೆ ನುಸುಳುತ್ತದೆ. ಎಂಜಿನ್ ಎಷ್ಟು ಗರ್ಜಿಸಿದರೂ ವೇಗ ಬರದು. ಅನೇಕ ದೋಣಿಗಳಲ್ಲಿ ಎಂಜಿನ್ನನ್ನು ತಂಪಾಗಿಡುವುದೂ ನದಿಯ ನೀರೇ. ನೀರಿಲ್ಲದೆ ಓಡಿಸಿದರೆ ಅದು ಕಾದು ಕೆಡುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಚಿಮ್ಮುವ ಧಾರೆಯ ದಿಕ್ಕು ಬದಲಿಸಿದಾಗ ದೋಣಿ ತಿರುಗುತ್ತದೆ. ಎದುರಿನ ಬಂಡೆಗೆ ಹೆದರಿ ಎಂಜಿನ್ ನಿಲ್ಲಿಸಿದರೆ ಧಾರೆಯೂ ನಿಲ್ಲುತ್ತದೆ. ದೋಣಿ ತಿರುಗದೆ ಬಂಡೆಯತ್ತಲೇ ಸಾಗುತ್ತದೆ!

ಯೋಚಿಸಿ: ಪೆಡಲ್ ತುಳಿಯದಿದ್ದರೂ ಓಡುತ್ತಿರುವ ಸೈಕಲ್ಲನ್ನು ತಿರುಗಿಸಬಹುದು. ಏಕೆ?