ಮೊದಲು ಹೊರಗೊಂದು ಸುತ್ತು ಹಾಕು

ಪುಟ್ಟೀ, ನಿನಗೆ ಹೆರಿಫರ್ಡ್‌ನಲ್ಲಿ ಕೆಲಸ ಸಿಕ್ಕಿತೆಂದು ನಿಮ್ಮಪ್ಪ ಫೋನ್ ಮಾಡಿದಾಗಿನಿಂದ ಇದನ್ನು ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ರಜೆ ಸಿಕ್ಕಿದ ಕೂಡಲೇ ನಮ್ಮವರೆಲ್ಲ ಲಂಡನ್ ರೈಲು ಹತ್ತುತ್ತಾರೆ. ನೀನೂ ಹತ್ತು, ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಕಿಲ್ಪೆಕ್‌ಗೆ ಹೋಗಿ ಬಾ. ನಿನ್ನ ಊರಿಂದ ನೈರುತ್ಯಕ್ಕೆ ಹದಿನಾಲ್ಕೈದು ಕಿ.ಮೀ. ಅಷ್ಟೆ. ಅಬರ್ಗವೆನ್ನಿ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಎರಡೂ ಕಡೆ ಬೇಲಿಗಿಡ, ನಡುವೆ ಒಂದು ಕಾರು ಹಿಡಿಸುವಷ್ಟು ದಾರಿ.

ಅಲ್ಲಿರುವುದು ಪುಟ್ಟ ಚರ್ಚು. 1140ರ ಸುಮಾರಿಗೆ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ್ದು. ನಾನು ಮೊದಲ ಸಲ ಹೋದಾಗ ನೇರ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಹತ್ತು ನಿಮಿಷ ಕಣ್ಣಾಡಿಸಿ, ನಾಲ್ಕು ಫೋಟೋ ತೆಗೆದು ಹೊರಟುಬಿಟ್ಟಿದ್ದೆ. ಎರಡನೇ ಸಲ ಮಳೆ ಹಿಡಿದುಕೊಂಡಿತು. ಮಳೆ ಬಿಡುವ ತನಕ ಒಳಗೆ ಕೂತಿದ್ದು ಹೊರಬಂದರೆ, ಇಳಿಬಿಸಿಲು ಗೋಡೆಗೆ ಓರೆಯಾಗಿ ಬೀಳುತ್ತಿತ್ತು. ಸೂರಿನ ಕೆಳಗೆ ಸಾಲಾಗಿ ಮುಖಗಳು! ಮೊದಲ ಸಲ ಇವೆಲ್ಲ ನನ್ನ ತಲೆಯ ಮೇಲೇ ಇದ್ದವು, ನಾನು ಕತ್ತೆತ್ತಿರಲಿಲ್ಲ.

ಅದಕ್ಕೇ ಹೇಳುವುದು, ಒಳಗೆ ಹೋಗುವ ಮೊದಲು ಹೊರಗೊಂದು ಸುತ್ತು ಹಾಕು. ಸೂರನ್ನು ಹೊತ್ತಂತೆ ಗೋಡೆಯಿಂದ ಚಾಚಿಕೊಂಡ ಆ ಕಲ್ಲುಗಳು ಒಟ್ಟು ತೊಂಬತ್ತೊಂದು ಇದ್ದವು, ಈಗ 85 ಉಳಿದಿವೆ. ಒಂದರಲ್ಲಿ ಬೇಟೆನಾಯಿಯೂ ಮೊಲವೂ ಒಂದಕ್ಕೊಂದು ಆತುಕೊಂಡು, ಕಣ್ಣರಳಿಸಿ ನಮ್ಮನ್ನೇ ನೋಡುತ್ತವೆ. ಓಡಿಸುವುದೂ ಇಲ್ಲ, ಓಡುವುದೂ ಇಲ್ಲ. ಕೆತ್ತಿದವನು ಯಾರೋ, ಅವನ ಹೆಸರು ಎಲ್ಲೂ ಉಳಿದಿಲ್ಲ. ಆ ಎರಡು ಜೀವಗಳ ಮೇಲೆ ಅವನಿಗಿದ್ದ ಅಕ್ಕರೆ ಮಾತ್ರ ಹಾಗೇ ಇದೆ. ಇನ್ನೊಂದು ಕಲ್ಲಿನಲ್ಲಿ ಎರಡೂ ಕೈಯಿಂದ ತನ್ನ ಯೋನಿಯನ್ನು ತೆರೆದು ತೋರಿಸುವ ಹೆಣ್ಣಿದ್ದಾಳೆ. ಶೀಲಾ ನ ಗಿಗ್ ಅನ್ನುತ್ತಾರೆ. ಅವಳು ಕಾಮದ ವಿರುದ್ಧದ ಎಚ್ಚರಿಕೆಯೋ, ಕೇಡು ತಡೆಯುವವಳೋ ಎಂದು ವಿದ್ವಾಂಸರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಮುಜುಗರಪಟ್ಟು ಮುಖ ತಿರುಗಿಸಬೇಡ. ದೇವರ ಮನೆಯ ಗೋಡೆಯ ಮೇಲೆ ಆಗಿನವರು ಏನೆಲ್ಲಕ್ಕೆ ಜಾಗ ಕೊಟ್ಟಿದ್ದರು ಎಂದು ನೋಡು.

ಆಮೇಲೆ ದಕ್ಷಿಣದ ಬಾಗಿಲ ಮುಂದೆ ನಿಲ್ಲು. ಬಾಗಿಲವಾಡದ ಮೇಲೆ ಜೀವವೃಕ್ಷ. ಕಂಬಗಳಲ್ಲಿ ಒಂದರ ಬಾಲ ಇನ್ನೊಂದು ನುಂಗುವ ಹಾವುಗಳು. ಬಲಗಡೆ ಬೋದಿಗೆಯಲ್ಲಿ ಬಾಯಿಂದ ಬಳ್ಳಿ ಹೊರಡಿಸುವ ಮುಖ. ಸುಮಾರು ಒಂಬತ್ತು ಶತಮಾನ ಕಳೆದಿದ್ದರೂ ಉಳಿಯ ಗೆರೆ ಮಾಸಿಲ್ಲ. ಬೆರಳಾಡಿಸಬೇಕು ಅನ್ನಿಸುತ್ತದೆ, ಆದರೆ ಮುಟ್ಟಬೇಡ, ಮರಳುಗಲ್ಲು ಸವೆಯುತ್ತದೆ.

ಚರ್ಚಿನ ಹಿಂದಿನ ಹುಲ್ಲುದಿಬ್ಬ ಬರೀ ದಿಬ್ಬ ಅಂದುಕೊಳ್ಳಬೇಡ. ನಾರ್ಮನ್ನರು ಕೋಟೆ ಕಟ್ಟಲು ಒಟ್ಟಿದ ಮಣ್ಣು ಅದು, ಮೇಲೆ ಗೋಡೆಯ ತುಂಡುಗಳು ಉಳಿದಿವೆ. ಪಕ್ಕದ ಹೊಲದಲ್ಲಿ ನೆಲ ಉಬ್ಬುತಗ್ಗಾಗಿ ಕಾಣುವ ಕಡೆ ಒಂದು ಕಾಲಕ್ಕೆ ಊರಿತ್ತು.

ಹೊತ್ತಿದ್ದರೆ ಆ್ಯಬಿ ಡೋರ್‌ಗೂ ಹೋಗು. 1147ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಸ್ಥಾಪಿಸಿದ ಮಠ. 1536ರಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇದೂ ಹಾಳುಬಿತ್ತು. ಒಳಗೆ ದನ ನಿಲ್ಲುತ್ತಿದ್ದವಂತೆ. ಸೂರು ಸೋರುತ್ತಿದ್ದುದರಿಂದ ಪ್ರಾರ್ಥನೆಯ ಪುಸ್ತಕ ನೆನೆಯದಂತೆ ಪಾದ್ರಿ ಕಮಾನಿನ ಕೆಳಗೆ ನಿಂತು ಓದುತ್ತಿದ್ದನಂತೆ. ಆ ಜಮೀನಿನ ಒಡೆಯ ಜಾನ್ ಸ್ಕುಡಮೋರ್‌ನ ಮಕ್ಕಳು ಒಂದರ ಹಿಂದೊಂದು ತೀರಿಕೊಂಡವು. ದೇವರ ಆಸ್ತಿ ನಮ್ಮ ಮನೆ ಸೇರಿದ್ದೇ ಇದಕ್ಕೆ ಕಾರಣ ಎಂದು ಅವನ ಮನಸ್ಸು ಕೊರೆಯಿತು ಅನ್ನುತ್ತಾರೆ. ಉಳಿದಿದ್ದ ಭಾಗಕ್ಕೆ ಜಾನ್ ಏಬಲ್ ಎಂಬ ಬಡಗಿಯಿಂದ ಓಕ್ ಮರದ ಸೂರು ಹಾಕಿಸಿದ. 1635ರಲ್ಲಿ ಅದು ಮತ್ತೆ ಚರ್ಚಾಗಿ ಸಮರ್ಪಿತವಾಯಿತು. ಒಳಗೆ ನಿಂತಾಗ ಆ ತಂದೆಯ ನೆನಪಾಗದೆ ಇರುವುದಿಲ್ಲ. ನನಗಂತೂ ಪ್ರತಿ ಸಲ ಆಗುತ್ತಿತ್ತು.

ಹತ್ತಿರದ ರೋಲ್‌ಸ್ಟನ್ ಚರ್ಚಿನ ಕಮಾನಿನಲ್ಲಿ ತಲೆಕೆಳಗಾದ ಮೂರ್ತಿಗಳಿವೆ. ಸಂತ ಪೀಟರನನ್ನು ತಲೆಕೆಳಗಾಗಿ ಶಿಲುಬೆಗೇರಿಸಿದ ಗುರುತು ಅದು ಎನ್ನುವವರಿದ್ದಾರೆ. ಚರ್ಚೂ ಅವನ ಹೆಸರಿನದೇ.

ಇನ್ನು ರೀತಿ ರಿವಾಜು. ಬಾಗಿಲು ಮುಚ್ಚಿದೆ ಅಂತ ವಾಪಸ್ ಬರಬೇಡ. ಕಬ್ಬಿಣದ ಬಳೆಯಂಥ ಹಿಡಿ ಇರುತ್ತದೆ, ತಿರುಗಿಸಿ ನೋಡು. ಎಷ್ಟೋ ಸಲ ಬೀಗ ಹಾಕಿರುವುದಿಲ್ಲ. ಹೊರಡುವಾಗ ಎಳೆದು ಭದ್ರ ಮಾಡು. ತೆರೆದೇ ಬಿಟ್ಟರೆ ಹಕ್ಕಿ ಒಳಗೆ ಬಂದು ಸಿಕ್ಕಿಕೊಂಡು ನೀರಿಲ್ಲದೆ ಸಾಯುತ್ತದೆ. ಭಾನುವಾರ ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕೂರು, ಯಾರೂ ಏನೂ ಅನ್ನುವುದಿಲ್ಲ. ಗೋಡೆಯ ಮೇಲೆ ಯುದ್ಧದಲ್ಲಿ ಸತ್ತವರ ಹೆಸರಿನ ಕಲ್ಲಿದ್ದರೆ ಓದು. ನಾಲ್ಕೇ ಬೀದಿಯ ಊರಲ್ಲಿ ಒಂದೇ ಮನೆತನದ ಹೆಸರು ಎರಡು ಸಲ ಬಂದರೆ ಆ ಮನೆಯ ಸಂಕಟ ಗೊತ್ತಾಗುತ್ತದೆ.

ಬಾಗಿಲ ಬಳಿಯ ಡಬ್ಬಿಗೆ ಐದು ಪೌಂಡಾದರೂ ಹಾಕು. ದಿನದಿನದ ದುರಸ್ತಿಯನ್ನೆಲ್ಲ ಸರ್ಕಾರ ನೋಡಿಕೊಳ್ಳುತ್ತದೆ ಅಂದುಕೊಳ್ಳಬೇಡ. ಆ ಹೊರೆ ಅಲ್ಲಿನ ಪ್ಯಾರಿಷ್‌ನವರ, ಅಂದರೆ ಆ ಚರ್ಚಿಗೆ ಸೇರಿದವರ, ಮೇಲೇ ಇದೆ, ಎಷ್ಟೋ ಕಡೆ ಭಾನುವಾರ ಸೇರುವವರು ಹತ್ತು ಹದಿನೈದು ಮಂದಿ ವಯಸ್ಸಾದವರು. ನಾನು ಎರಡನೇ ಸಲ ಕಿಲ್ಪೆಕ್‌ಗೆ ಹೋದ ದಿನ ಅಜ್ಜಿಯೊಬ್ಬರು ಬಲಿಪೀಠದ ಹೂದಾನಿಗೆ ಡ್ಯಾಫೊಡಿಲ್ ಜೋಡಿಸುತ್ತಿದ್ದರು. ನಾಯಿ ಮೊಲ ನೋಡಿದೆಯಾ ಎಂದು ಅವರೇ ಕೇಳಿದ್ದು. ಇಲ್ಲ ಅಂದದ್ದಕ್ಕೆ ಹೂ ಕೆಳಗಿಟ್ಟು, ಮಳೆ ನಿಂತ ಮೇಲೆ ಹೊರಗೆ ಬಂದು ಬೆರಳು ಮಾಡಿ ತೋರಿಸಿದರು.

ಆ ಕಲ್ಲುಗಳು ಎತ್ತರದಲ್ಲಿವೆ, ಬರಿಗಣ್ಣು ಸಾಲದು. ನನ್ನ ಬೈನಾಕ್ಯುಲರ್ ಇಲ್ಲೇ ಬೀರುವಿನಲ್ಲಿದೆ, ನಿಮ್ಮಪ್ಪ ಬರುವಾಗ ಕೊಟ್ಟು ಕಳಿಸುತ್ತೇನೆ.