ಪಕ್ಕದ ಸೀಟಿಗೂ ದುಡ್ಡೇ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮಗಳು ದೆಹಲಿಯಲ್ಲಿದ್ದಾಳೆ. ಅವಳ ಮನೆಗೆ ಹೋಗಿಬರಲು ವರ್ಷಗಳಿಂದ ಒಂದೇ ವಿಮಾನ ಕಂಪನಿಯನ್ನು ನೆಚ್ಚಿಕೊಂಡಿದ್ದೇವೆ. ಬೇರೆಯವರ ಟಿಕೆಟ್ ಅಗ್ಗವಿದ್ದಾಗಲೂ ಇವರನ್ನು ಬಿಟ್ಟಿಲ್ಲ. ಈಗ ಸೀಟು ಆರಿಸಲು ದುಡ್ಡು, ತಿಂಡಿಗೆ ದುಡ್ಡು, ಬ್ಯಾಗು ತುಸು ಭಾರವಾದರೆ ಮತ್ತೆ ದುಡ್ಡು. ಕಳೆದ ಸಲ ಹಟಕ್ಕೆ ಬಿದ್ದು ಸೀಟಿಗೆ ಹಣ ಕಟ್ಟಲಿಲ್ಲ. ನನಗೊಂದು ಕಡೆ, ಹೆಂಡತಿಗೊಂದು ಕಡೆ ಸೀಟು ಬಂತು. ವಿಮಾನ ಮೇಲೇರುವಾಗ ಅವಳಿಗೆ ಭಯ, ನನ್ನ ಕೈ ಹಿಡಿದೇ ಕೂರುವವಳು. ಅವತ್ತು ಒಬ್ಬಳೇ ಕೂತಳು. ಅದಕ್ಕೂ ಮುಂಚೆ ಲಗೇಜಿನ ವಿಷಯಕ್ಕೆ ಕೌಂಟರಿನ ಹುಡುಗಿಯ ಮೇಲೆ ಕೂಗಾಡಿದ್ದೆ. ಮಗಳು, "ಇಷ್ಟು ದುಡ್ಡಿಗೆ ಯಾಕಪ್ಪಾ ಅಷ್ಟು ರಂಪ?" ಎಂದಳು. ಹೆಂಡತಿ ಏನೂ ಅನ್ನಲಿಲ್ಲ. ನಾನು ಜಿಪುಣನೇ? ನಂಬಿದವರು ಕೈಕೊಟ್ಟರೆಂಬ ಸಂಕಟ ಯಾಕೆ ಹೋಗುತ್ತಿಲ್ಲ?
— ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಜಿಪುಣರಲ್ಲ. ಅಗ್ಗದ ಟಿಕೆಟ್ ಕಣ್ಣೆದುರಿಗಿದ್ದರೂ ಹಳೆಯ ಕಂಪನಿಯನ್ನೇ ಹಿಡಿದುಕೊಂಡಿದ್ದವರು ನೀವು. ಜಿಪುಣರು ಹಾಗೆ ಮಾಡುವುದಿಲ್ಲ. ನಿಮ್ಮನ್ನು ನೋಯಿಸಿದ್ದು ಹಣದ ಮೊತ್ತವೂ ಅಲ್ಲ. "ಇಷ್ಟು ವರ್ಷ ಬಂದವನಿಗೆ ಇಷ್ಟೇನಾ ಬೆಲೆ?" ಎಂಬ ಪ್ರಶ್ನೆ ಒಳಗೆ ಕೂತಿದೆ. ಅದು ಸಹಜ. ಇದೇ ಮಾತನ್ನು ಹಲವರು ಬೇರೆಬೇರೆ ರೀತಿಯಲ್ಲಿ ನನಗೆ ಹೇಳಿದ್ದಾರೆ.

ಆದರೆ ಒಂದು ವಿಷಯವನ್ನು ನಿಧಾನವಾಗಿ ಯೋಚಿಸಿ. ಆ ಕಂಪನಿಯ ಮೇಲೆ ನೀವಿಟ್ಟದ್ದು ವಿಶ್ವಾಸ. ಅದು ನಿಮ್ಮೊಂದಿಗೆ ಮಾಡುತ್ತಿದ್ದದ್ದು ವ್ಯವಹಾರ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹಾರಾಟ ಶುರುಮಾಡಿ, ಸಾಮಾನ್ಯರ ಕೈಗೂ ವಿಮಾನದ ಟಿಕೆಟ್ ಎಟುಕುವಂತೆ ಮಾಡಿತು. ಉಚಿತ ಊಟದಂಥ ಸೌಲಭ್ಯಗಳನ್ನು ಬಿಟ್ಟದ್ದರಿಂದಲೂ ಆ ದರ ಇಳಿಯಿತು. ಮುಂದೆ ಅದೇ ದಾರಿಯಲ್ಲಿ ಸೀಟಿನ ಆಯ್ಕೆ, ಹೆಚ್ಚುವರಿ ಲಗೇಜು ಎಲ್ಲವೂ ಟಿಕೆಟ್ಟಿನಿಂದ ಬೇರೆಯಾದವು. ಹೀಗೆ ಬಿಡಿಬಿಡಿಯಾಗಿ ದರ ವಿಧಿಸಲು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಅನುಮತಿ ಕೊಟ್ಟಿದೆ. ಅಂದರೆ ಈ ಶುಲ್ಕ ನಿಮ್ಮನ್ನು ಗುರಿಯಿಟ್ಟು ಮಾಡಿದ ಅವಮಾನವಲ್ಲ. ಹಾಗೆಂದು ನಿಮಗೆ ಬೇಸರವಾಗಬಾರದೆಂದು ನಾನು ಹೇಳುತ್ತಿಲ್ಲ. ಬೇಸರಪಡಿ, ದ್ರೋಹವೆಂದು ಮಾತ್ರ ಎದೆಗೆ ಹಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು. ನೀವು ಬ್ಯಾಂಕಿನಲ್ಲಿದ್ದವರು. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ದಂಡ ಬಿದ್ದಾಗ, ಎಸ್ಸೆಮ್ಮೆಸ್ಸಿಗೂ ದುಡ್ಡು ಕಡಿತವಾದಾಗ ಹಳೆಯ ಗ್ರಾಹಕರು ಯಾರ ಮುಂದೆ ಬಂದು ಕೂಗಾಡುತ್ತಿದ್ದರು? ಆ ನಿಯಮ ಮಾಡಿದವರು ಅಲ್ಲಿರುತ್ತಿರಲಿಲ್ಲ, ಕೌಂಟರಿನಲ್ಲಿ ಕೂತವರು ಬೈಸಿಕೊಳ್ಳುತ್ತಿದ್ದರು. ವಿಮಾನ ನಿಲ್ದಾಣದ ಆ ಹುಡುಗಿಯ ಸ್ಥಿತಿಯೂ ಅದೇ. ಅದು ನಿಮಗೆ ಗೊತ್ತಿರುವುದರಿಂದಲೇ ಸಂಕಟ ಇನ್ನೂ ಕರಗಿಲ್ಲವೇನೋ.

ಈಗ ಮಾಡಬಹುದಾದ ಕೆಲವು ಕೆಲಸಗಳು.

ಮೊದಲು ಮನೆಯಲ್ಲಿ ಮಾತಾಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಶುಲ್ಕವಲ್ಲ, "ಹೆಂಡತಿ ಏನೂ ಅನ್ನಲಿಲ್ಲ" ಎಂಬ ಸಾಲು. "ಅವತ್ತು ನಿನ್ನನ್ನು ಒಬ್ಬಳೇ ಕೂರಿಸಿದೆ, ತಪ್ಪಾಯಿತು" ಎಂದು ಹೇಳಿ. ಕಂಪನಿ ಮಾಡಿದ್ದು ಸರಿಯೋ ತಪ್ಪೋ ಎಂಬ ವಾದವನ್ನು ಆ ಹೊತ್ತಿಗೆ ಎಳೆಯಬೇಡಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಎರಡನೆಯದು, ಟಿಕೆಟ್ ಮಾಡಿಸುವ ಮುಂಚೆ ಇಬ್ಬರೂ ಕೂತು ನಿಮಗೆ ಬೇಕಾದ್ದು ಯಾವುದು, ಬೇಡವಾದ್ದು ಯಾವುದು ಎಂದು ಗೊತ್ತುಮಾಡಿಕೊಳ್ಳಿ. ನಿಮ್ಮಿಬ್ಬರಿಗೆ ಅಕ್ಕಪಕ್ಕದ ಸೀಟು ಬೇಕೇಬೇಕು. ತಿಂಡಿಯನ್ನು ಬೇಕಿದ್ದರೆ ಮನೆಯಿಂದ ಕಟ್ಟಿಕೊಂಡು ಹೋಗಬಹುದು. ಟಿಕೆಟ್, ಸೀಟು, ಲಗೇಜು ಎಲ್ಲ ಸೇರಿಸಿ ಒಟ್ಟು ಎಷ್ಟಾಗುತ್ತದೆಂದು ನೋಡಿ, ಆ ಒಟ್ಟು ಮೊತ್ತವನ್ನೇ ಬೇರೆ ಕಂಪನಿಗಳೊಂದಿಗೆ ಹೋಲಿಸಿ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಹೆಚ್ಚಾಗಿ 15 ಕಿಲೋ ಲಗೇಜು, 7 ಕಿಲೋ ಕೈಚೀಲ ಇರುತ್ತದೆ. ಮನೆಯಲ್ಲೇ ತೂಗಿ ನೋಡಿ. ಮಗಳಿಗೆಂದು ಹಪ್ಪಳ, ಉಪ್ಪಿನಕಾಯಿ ಹೆಚ್ಚಾಗುವಂತಿದ್ದರೆ ಮೊದಲೇ ಆನ್‌ಲೈನಿನಲ್ಲಿ ಕಟ್ಟಿಬಿಡಿ. ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಾಗೆ ಹೋಲಿಸಿ ನೋಡಿದ ಮೇಲೂ ಹಳೆಯ ಕಂಪನಿಯೇ ಅನುಕೂಲವೆನಿಸಿದರೆ ಧಾರಾಳವಾಗಿ ಅದರಲ್ಲೇ ಹೋಗಿ. ಸಿಟ್ಟಿನಿಂದ ಬಿಡಬೇಕಾಗಿಲ್ಲ, ದಾಕ್ಷಿಣ್ಯಕ್ಕೆ ಉಳಿಯಬೇಕಾಗಿಯೂ ಇಲ್ಲ.

ಮೂರನೆಯದು, ಹಕ್ಕು ತಿಳಿದಿರಲಿ. ಈ ಹೆಚ್ಚುವರಿ ಸೇವೆಗಳು ನೀವಾಗಿ ಆರಿಸಿದರೆ ಮಾತ್ರ, ಕಡ್ಡಾಯವಲ್ಲ. ಸೀಟು ಆರಿಸದವರಿಗೂ ಒಂದು ಸೀಟು ತಾನಾಗಿ ಸಿಗುತ್ತದೆ, ಎಲ್ಲಿ ಎನ್ನುವುದು ಮಾತ್ರ ನಮ್ಮ ಕೈಯಲ್ಲಿರುವುದಿಲ್ಲ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಪ್ರತ್ಯೇಕ ಹಣ ಕೇಳುವಂತಿಲ್ಲವೆಂದು ಕೇಂದ್ರ ವಿಮಾನಯಾನ ಸಚಿವಾಲಯ 2022ರಲ್ಲೇ ಹೇಳಿದೆ. ಪುಟ್ಟ ಮಕ್ಕಳೊಂದಿಗೆ ಹೊರಟ ಓದುಗರಿಗೂ ಒಂದು ಮಾತು: 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿರುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕೆಂದು ಡಿಜಿಸಿಎ 2024ರಲ್ಲಿ ಸೂಚಿಸಿದೆ.

ನಾಲ್ಕನೆಯದು, ನಿಜವಾಗಿ ಅನ್ಯಾಯವಾದರೆ ಕೂಗಾಡುವ ಬದಲು ಬರೆಯಿರಿ. ನೀವು ಕೇಳದ ಸೇವೆಯನ್ನು ಬಿಲ್ಲಿಗೆ ಮೆಲ್ಲಗೆ ಸೇರಿಸುವುದು, ಪೂರ್ತಿ ದರವನ್ನು ಕೊನೆಯವರೆಗೂ ಮುಚ್ಚಿಡುವುದು, ಇವೆರಡನ್ನೂ 2023ರ ಕೇಂದ್ರ ಮಾರ್ಗಸೂಚಿ ಗ್ರಾಹಕರನ್ನು ದಾರಿತಪ್ಪಿಸುವ ತಂತ್ರಗಳ ಪಟ್ಟಿಯಲ್ಲಿ ಸೇರಿಸಿದೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮೊದಲು ಕಂಪನಿಗೆ ದೂರು ಕೊಡಿ. ಉತ್ತರ ಸಮಾಧಾನ ತರದಿದ್ದರೆ ಸಚಿವಾಲಯದ ಏರ್‌ಸೇವಾ ಪೋರ್ಟಲ್ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ವರ್ಷಗಟ್ಟಲೆ ಲೆಕ್ಕಪತ್ರ ನೋಡಿದ ನಿಮಗೆ ಒಂದು ಅಚ್ಚುಕಟ್ಟಾದ ದೂರು ಬರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ನಿವೃತ್ತಿಯ ನಂತರ ಇಂಥ ಸಿಟ್ಟು ಬೇರೆ ಕಡೆಯೂ ಪದೇಪದೇ ಬರುತ್ತಿದೆಯೇ, ಗಮನಿಸಿ. ಹಾಗಿದ್ದರೆ, ಅಥವಾ ನಿಮ್ಮ ಶ್ರೀಮತಿಯವರ ಭಯ ಪ್ರಯಾಣಕ್ಕೆ ಮುಂಚಿನ ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತಿದ್ದರೆ, ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಅಕ್ಕಪಕ್ಕದ ಸೀಟಿಗೆ ಹಣ ಕಟ್ಟಬೇಕಾಗಿ ಬಂದರೆ ಕಟ್ಟಿಬಿಡಿ. ಅದು ಕಂಪನಿಗೆ ಸೋತಂತಲ್ಲ. ಆ ಶುಲ್ಕ ಅತಿಯಾಯಿತೆನಿಸಿದರೆ ದೆಹಲಿ ತಲುಪಿದ ಮೇಲೆ ಆರಾಮಾಗಿ ಕೂತು ಕಂಪನಿಗೆ ಬರೆಯಿರಿ.