ಎರೆಮಣ್ಣೊಳಗಿನ ಕೊಳವೆಗೆ ಮೇಲಿನ ಲೈನಿನ ಕಾಟ

ದಾಭೋಳ–ಬೆಂಗಳೂರು ಅನಿಲ ಕೊಳವೆ 2013ರಿಂದ ಧಾರವಾಡ ಜಿಲ್ಲೆಯನ್ನು ಹಾದುಹೋಗುತ್ತಿದೆ. ಇದೇ ಜಿಲ್ಲೆಯಲ್ಲಿ ಕೈಗಾದಿಂದ ನರೇಂದ್ರಕ್ಕೆ ಬರುವ 400 ಕೆವಿ ಲೈನಿದೆ, ಅಣ್ಣಿಗೇರಿ ಮೇಲೆ ಗದಗಕ್ಕೆ ಹೋಗುವ ರೈಲಿನ 25 ಕೆವಿ ತಂತಿಯಿದೆ. ಹೂತ ಉಕ್ಕಿನ ಕೊಳವೆ ಇಂಥ ಲೈನಿನ ಜೊತೆಜೊತೆಗೇ ಕೆಲವು ಕಿಲೋಮೀಟರ್ ಸಾಗಿದರೆ, ತಂತಿ ತಾಗದಿದ್ದರೂ ಅದರಲ್ಲಿ ಎಸಿ ವೋಲ್ಟೇಜ್ ಹುಟ್ಟುತ್ತದೆ. ಸಿಪಿ (ಕ್ಯಾಥೋಡಿಕ್ ಪ್ರೊಟೆಕ್ಷನ್, ಅಂದರೆ ಡಿಸಿ ಕರೆಂಟು ಕೊಟ್ಟು ಕೊಳವೆಯನ್ನು ತುಕ್ಕಿನಿಂದ ಕಾಯುವ) ಕೆಲಸಕ್ಕೆ ಬರುವ ಹೊಸ ಹುಡುಗರಿಗೆ ನಾನು ಹೇಳುವುದಿಷ್ಟು.

1. ಮೈನಸ್ 850 ಬಂತೆಂದು ನಿಶ್ಚಿಂತರಾಗಬೇಡಿ. ತಾಮ್ರ-ಮೈಲುತುತ್ತದ ರೆಫರೆನ್ಸ್ ಸೆಲ್ ಇಟ್ಟು ಅಳೆದಾಗ ಮೈನಸ್ 850 ಮಿಲಿವೋಲ್ಟ್ ದಾಟಿದರೆ ತುಕ್ಕಿನ ಭಯವಿಲ್ಲ ಎನ್ನುತ್ತೇವೆ. 1986ರಲ್ಲಿ ಜರ್ಮನಿಯಲ್ಲಿ ರೈಲುದಾರಿಯ ಪಕ್ಕದ ಕೊಳವೆಯೊಂದನ್ನು ಈ ರೀಡಿಂಗ್ ಸರಿಯಿದ್ದಾಗಲೇ ಎಸಿಯಿಂದಾದ ತುಕ್ಕು ತಿಂದಿತ್ತು.

2. ವೋಲ್ಟಿನ ಜೊತೆಗೆ ಮಣ್ಣನ್ನೂ ಅಳೆಯಿರಿ. ಕೊಳವೆಯ ಎಸಿ ವೋಲ್ಟೇಜಿಗಿರುವ 15 ವೋಲ್ಟಿನ ಮಿತಿ ಮುಖ್ಯವಾಗಿ ಮುಟ್ಟುವ ಮನುಷ್ಯನ ಸುರಕ್ಷತೆಗೆ. ಕೊಳವೆಯ ಮಟ್ಟಿಗೆ ಲೆಕ್ಕಕ್ಕೆ ಬರುವುದು ಕೋಟಿಂಗಿನ ತೂತಿನಿಂದ ಹರಿಯುವ ಎಸಿ ಕರೆಂಟು: ಚದರ ಮೀಟರಿಗೆ 30 ಆಂಪಿಯರ್ ಒಳಗಿದ್ದರೆ ಚಿಂತೆ ಕಡಿಮೆ, 100 ದಾಟಿದರೆ ತುಕ್ಕು ಬಂತೆಂದೇ ತಿಳಿಯಿರಿ. ಒಂದು ಚದರ ಸೆಂಟಿಮೀಟರ್ ತೂತು, 5 ವೋಲ್ಟ್ ಎಸಿ ಎಂದಿಟ್ಟುಕೊಳ್ಳಿ. ಮಣ್ಣಿನ ರೋಧಶೀಲತೆ 100 ಓಮ್-ಮೀಟರ್ ಇದ್ದರೆ ಚದರ ಮೀಟರಿಗೆ ಸುಮಾರು 11 ಆಂಪಿಯರ್. 10 ಇದ್ದರೆ 113! ಆದ್ದರಿಂದ ಕಲಘಟಗಿಯ ಮಸಾರಿಯಲ್ಲಿ ನಿರುಪದ್ರವಿಯಾದ ವೋಲ್ಟೇಜ್ ನವಲಗುಂದದ ಹಸಿ ಎರೆಯಲ್ಲಿ ಅಪಾಯಕಾರಿ ಆಗಬಹುದು. ಬೇಸಿಗೆಯಲ್ಲಿ ಬಿರುಕುಬಿಟ್ಟ ಹೊಲದಲ್ಲಷ್ಟೇ ಅಳೆದು ವರದಿ ಬರೆಯಬೇಡಿ. ಹೆಸರು ಬೆಳೆ ನಿಂತಿರುವಾಗ, ನೆಲ ನೆನೆದಿರುವಾಗ ಮತ್ತೆ ಹೋಗಿ.

3. ಕೋಟಿಂಗ್ ಚೆನ್ನಾಗಿದ್ದಷ್ಟೂ ಎಚ್ಚರ ಹೆಚ್ಚಿರಲಿ. ಕರೆಂಟಿಗೆ ಬೇರೆ ದಾರಿಯೇ ಇಲ್ಲದಾಗ ಸಣ್ಣ ತೂತೊಂದೇ ಎಲ್ಲ ಹೊರೆ ಹೊರುತ್ತದೆ. ಅಗೆದು ನೋಡಿದರೆ ತೂತಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಮಣ್ಣು-ತುಕ್ಕಿನ ಗಂಟು ಸಿಗಬಹುದು. ಅದನ್ನು ಕೆತ್ತಿದರೆ ಕೆಳಗೆ ತೂತಿಗಿಂತ ಅಗಲವಾದ ದುಂಡು ಗುಳಿ.

4. ಸಿಪಿ ಕರೆಂಟು ಕೊಡುವ ಟಿಆರ್ ಯೂನಿಟ್ಟಿನ ಔಟ್‌ಪುಟ್ ಏರಿಸುವುದು ಮದ್ದಲ್ಲ. ರಕ್ಷಣೆಯ ಕರೆಂಟು ಅತಿಯಾದರೆ ತೂತಿನ ಸುತ್ತ ಕ್ಷಾರ ಸೇರಿ ಮಣ್ಣಿನ ರೋಧ ಇನ್ನೂ ಇಳಿಯುತ್ತದೆ, ಎಸಿಗೆ ದಾರಿ ಸಲೀಸಾಗುತ್ತದೆ. ಇದನ್ನು ಒಪ್ಪಿಸುವುದೇ ಕಷ್ಟ.

5. ವೋಲ್ಟೇಜ್ ದಾಖಲಿಸುವ ಲಾಗರನ್ನು ಇಡೀ ದಿನ ಬಿಡಿ. ರೈಲು ಬಂದು ಹೋಗುವ ನಿಮಿಷಗಳು ಮಲ್ಟಿಮೀಟರಿಗೆ ಸಿಗುವುದಿಲ್ಲ.

6. ಲೈನು ಕೊಳವೆಯನ್ನು ಸೇರುವ, ಬಿಟ್ಟು ತಿರುಗುವ ಜಾಗಗಳಲ್ಲಿ ವೋಲ್ಟೇಜ್ ಹೆಚ್ಚು. ಎಸಿಯನ್ನು ನೆಲಕ್ಕಿಳಿಸುವ ಸತುವಿನ ಪಟ್ಟಿ ಹೂಳುವುದು ಅಲ್ಲೇ, ಅದೂ ಡಿಸಿ ತಡೆದು ಎಸಿ ಬಿಡುವ ಡಿಕಪ್ಲರ್ ಮೂಲಕ. ನೇರ ಅರ್ಥಿಂಗ್ ಕೊಟ್ಟರೆ ಸಿಪಿ ಕರೆಂಟೂ ನೆಲಕ್ಕೆ ಹರಿದುಹೋಗುತ್ತದೆ.

7. “ಸಾಹೇಬ್ರ, ಈ ಕಂಬ ಮುಟ್ಟಿದ್ರ ಶಾಕ್ ಹೊಡಿತೈತೇನ್ರಿ?” ಎಂದು ಹೊಲದವರು ಕೇಳಿದರೆ ನಕ್ಕು ತಳ್ಳಿಹಾಕಬೇಡಿ. ಆ ಕಂಬ ನಾವು ಅಳೆಯುವ ಟೆಸ್ಟ್ ಪೋಸ್ಟು; ಅದರ ಡಬ್ಬಿ ತೆರೆದಿದ್ದರೆ ಒಳಗಿನ ವೈರು ಮುಟ್ಟಬಾರದೆಂದು ಹೇಳಿ, ಎಸಿ ವೋಲ್ಟೇಜ್ ಅಳೆದು ಅವರಿಗೇ ತೋರಿಸಿ, ಬೀಗ ಹಾಕಿಯೇ ಹೊರಡಿ. ಗುಡುಗು ಕೇಳಿಸಿದರೆ ನೀವೂ ಆ ವೈರಿಗೆ ಕೈಹಚ್ಚಬೇಡಿ.